ನಿಂಬೆಹಣ್ಣಿನಷ್ಟು ದೂರ

ಕೊರೊನಾ ಕಾಲದಲ್ಲಿ ನಮ್ಮ ಜಯನಗರದ ಟ್ರಾವೆಲ್ಸ್ ಮಾಲೀಕರ ಸಂಘಕ್ಕೆ ಒಬ್ಬ ಅಧ್ಯಕ್ಷರಿದ್ದರು. ಕಷ್ಟ ಹೇಳಿಕೊಂಡವರಿಗೆಲ್ಲ ಒಂದೇ ಮಾತು: "ನಾನಿದ್ದೀನಲ್ಲ ಗುರು, ಯಾಕ್ ತಲೆ ಕೆಡಿಸ್ಕೊಳ್ತೀಯ?" ಇದ್ದರು, ನಿಜ, ಪ್ರತಿ ಫೋಟೊದಲ್ಲೂ ಇದ್ದರು.

ಲಾಕ್‌ಡೌನ್ ಮುಗಿದ ಮೇಲೆ, ಯಡಿಯೂರು ಕೆರೆಯ ಪಕ್ಕ ವರ್ಷದಿಂದ ನಿಂತಿದ್ದ ನನ್ನ ಮಿನಿ ಬಸ್ಸಿಗೆ 'ಪ್ರವಾಸೋದ್ಯಮ ಪುನಶ್ಚೇತನ'ದ ಪೂಜೆ ಇಟ್ಟರು. ಚಕ್ರದಡಿ ನಿಂಬೆಹಣ್ಣಿಡಿಸಿ, ತಾವೇ ಡ್ರೈವರ್ ಸೀಟಿನಲ್ಲಿ ಕೂತು ಕೀ ತಿರುಗಿಸಿದರು. ಗಾಡಿ ಕೆಮ್ಮಲೂ ಇಲ್ಲ.

"ಬ್ಯಾಟರಿ ಸತ್ತಿದೆ ಸಾರ್," ಎಂದೆ.

"ನಿಂಬೆಹಣ್ಣು ಒಡೆಯೋವಷ್ಟು ತಳ್ರಪ್ಪಾ ಸಾಕು, ವಿಡಿಯೊ ಆಗ್ತಿದೆ!"

ನಾಲ್ವರು ಮಾಲೀಕರು ತಳ್ಳಿದೆವು. ನಿಂಬೆಹಣ್ಣು ಅಪ್ಪಚ್ಚಿಯಾಯಿತು, ಚಪ್ಪಾಳೆ ಬಿತ್ತು, ಅವರು ಇಳಿದು ತಮ್ಮ ಕಾರು ಹತ್ತಿದರು.

ಅವರು ಸ್ಟೇರಿಂಗ್ ಹಿಡಿದು ಕೂತ ಆ ದಿನದ ಫೋಟೊ ಇಂದಿಗೂ ಸಂಘದ ಗೋಡೆಯ ಮೇಲಿದೆ. ಕೆಳಗೆ, 'ನಿಂತ ಗಾಡಿಗಳನ್ನು ಓಡಿಸಿದವರು'. ತಳ್ಳಿದ ನಾವು ಗಾಡಿಯ ಹಿಂದಿದ್ದೆವಲ್ಲ, ಕಾಣುವುದಿಲ್ಲ.