ಕಾಕಾ ತಿದ್ದಿದ ಭಾಷಣ

ಕಾಕಾ ಅವರ ಎರಡೂ ಹೆಬ್ಬೆರಳು ಚಪ್ಪಟೆ. ಐವತ್ತು ವರ್ಷ ಬಟ್ಟೆ ಹರಿದು ಹರಿದು ಹಾಗಾಗಿದ್ದವು. ಕತ್ತರಿಯಿಂದ ಒಂದು ಕಚ್ಚು ಹಾಕಿ, ಹೆಬ್ಬೆರಳು ಊರಿ ಚರ್ರನೆ ಎಳೆದರೆ ಗೆರೆ ಹೊಡೆದಷ್ಟು ನೇರ. ಬೀದರ ಕಡೆಯವರು. ಮರಾಠಿ ಸೀಮೆಯ ಸಂಭಾಜಿನಗರದಲ್ಲಿ ಅವರ ಬಟ್ಟೆ ಅಂಗಡಿಯೇ ನಮ್ಮಂಥ ನೌಕರಿಯವರ ಹರಟೆ ಕಟ್ಟೆ.

ಅಂಗಡಿಗೆ ಎರಡು ಪೇಪರು ತರಿಸುತ್ತಿದ್ದರು, ಒಂದಕ್ಕೊಂದು ಆಗದವು. ಯಾರದು ಯಾವ ಪಕ್ಷ ಎಂದು ನೋಡಿ, ಅವರ ಕೈಗೆ ಎದುರು ಪಕ್ಷದ ಪೇಪರನ್ನೇ ಕೊಡುವರು. ನಾನು ಸಿಡುಕಿದರೆ, "ನಿಂದು ನಿನಗ ಬಾಯಿಪಾಠ ಅದ ತಮ್ಮಾ, ಇದನ್ನ ಓದು," ಎನ್ನುವರು. ಈ ಮುದುಕನ ಉಪದ್ರವ ಸಾಕಪ್ಪಾ ಎಂದುಕೊಂಡೇ ಮರುದಿನ ಮತ್ತೆ ಹೋಗುತ್ತಿದ್ದೆ. ನನ್ನ ಅಪ್ಪನಿಗಿಂತ ಅವರನ್ನೇ ಹೆಚ್ಚು ಹಚ್ಚಿಕೊಂಡಿದ್ದೆ.

ಒಮ್ಮೆ ಸೆಪ್ಟೆಂಬರ್ ಹದಿನೇಳಕ್ಕೆ, ನಿಜಾಮನ ಆಳ್ವಿಕೆ ಮುಗಿದ ದಿನದ ನೆನಪಿಗೆ, ಇಲ್ಲಿಯ ಕನ್ನಡದವರ ಸಭೆಯಲ್ಲಿ ನನ್ನ ಭಾಷಣವಿತ್ತು. ಎರಡೂ ನಿಜಾಮನ ಸೀಮೆಯೇ ಆಗಿದ್ದರಿಂದ ಬೀದರಕ್ಕೂ ಈ ಊರಿಗೂ ಅದು ಒಂದೇ ಹಬ್ಬ. ನಿಜಾಮನ ಪರ ನಿಂತ ರಜಾಕಾರರ ಪಡೆಯ ಹಾವಳಿಯನ್ನು ಬೆಂಕಿ ಕಾರುವಂತೆ ಬರೆದು ಕಾಕಾಗೆ ಓದಿ ತೋರಿಸಿದೆ. ಶಹಬ್ಬಾಸ್ ಎನ್ನುತ್ತಾರೆಂದುಕೊಂಡಿದ್ದೆ.

"ಎಲ್ಲಾ ಖರೇ ಅದ," ಎಂದರು. "ಆದ್ರ ಅರ್ಧಾನೇ ಅದ. ರಜಾಕಾರರು ಬಂದಾಗ ನಮ್ಮ ಮನಿ ಮಂದಿಗೆಲ್ಲಾ ಓಣ್ಯಾಗಿನ ಮುಸಲ್ಮಾನ ದರ್ಜಿ ತನ್ನ ಮನ್ಯಾಗ ಮುಚ್ಚಿಟ್ಟಿದ್ದ. ಮುಂದ ಭಾರತದ ಫೌಜು ಬಂತು, ನಿಜಾಮನ ರಾಜ್ಯ ಹೋಯ್ತು. ಆಗ ಮುಸಲ್ಮಾನ ಅಂತ ಮಂದಿ ಅವನ ಬೆನ್ನ ಹತ್ತಿದ್ರು. ಅಂವ ಬಂದು ನಮ್ಮ ಬಾಗಲಾ ಬಡದಾ. ನಮ್ಮಪ್ಪ ತೆಗಿಲಿಲ್ಲ. ನಾ ಸಣ್ಣಾಂವ, ಒಳಗ ಕುಂತು ಕೇಳ್ದೆ. ಆಮ್ಯಾಲ ಅಂವ ಯಾರಿಗೂ ಕಾಣ್ಲಿಲ್ಲ."

"ಇದನ್ನ ಹ್ಯಾಂಗ ಹೇಳ್ಲಿರಿ ಕಾಕಾ? ನಿಮ್ಮಪ್ಪಾರ ಮರ್ಯಾದಿ..."

"ನಮ್ಮಪ್ಪಂದು ಆಗಿ ಹೋಯ್ತು. ನಾ ಸತ್ತರ, ಅಂಥ ಮನುಷ್ಯಾ ಒಬ್ಬ ಇದ್ದಾ ಅಂತ ಹೇಳೋರು ಯಾರೂ ಇಲ್ಲ. ನೀ ಹೇಳು."

ನಾನು ಹೇಳಲಿಲ್ಲ. ವೇದಿಕೆ ಏರಿ ತುಂಬಿದ ಸಭೆ ನೋಡಿದ್ದೇ ಧೈರ್ಯ ಉಡುಗಿ, ಮೊದಲು ಬರೆದದ್ದನ್ನೇ ಓದಿದೆ. ಚಪ್ಪಾಳೆ ಜೋರಾಗಿಯೇ ಬಿತ್ತು. ಕಾಕಾ ಒಂದು ಮಾತೂ ಬೈಯಲಿಲ್ಲ. ಹೆಗಲ ಮೇಲೆ ಕೈಯಿಟ್ಟು, "ಚಾ ಕುಡಿಯೂಣ ಬಾ," ಎಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆ ಚಳಿಗಾಲದಲ್ಲಿ ಅವರು ತೀರಿಕೊಂಡರು. ಮರುವರ್ಷ ಸಭೆ ನಡೆಸುವವರ ಕೈಕಾಲು ಹಿಡಿದು ಮತ್ತೆ ಮಾತಿಗೆ ನಿಂತೆ. ದರ್ಜಿಯ ಕಥೆಯನ್ನು ಪೂರ್ತಿ ಹೇಳಿದೆ. ಇಬ್ಬರು ಎದ್ದು ಹೋದರು. ಕೆಳಗಿಳಿದಾಗ ಕಾಕಾ ಅವರ ಮಗಳು ಕಣ್ಣೊರೆಸಿಕೊಳ್ಳುತ್ತ ಬಂದಳು. ಅಪ್ಪ ಮನೆಯಲ್ಲಿ ಯಾರಿಗೂ ಇದನ್ನು ಹೇಳಿರಲಿಲ್ಲವಂತೆ.

"ಅಣ್ಣಾ, ಆ ದರ್ಜಿ ಹೆಸರ ಏನಿತ್ರಿ?" ಎಂದಳು.

ನಾನು ಕೇಳಿಯೇ ಇರಲಿಲ್ಲ.