ಎಳ್ಳು ಹಚ್ಚಿದ ರೊಟ್ಟಿ

ನಿನ್ನೆ ಸೊಸೆ ರೊಟ್ಟಿ ಬಡಿಯುತ್ತಿದ್ದಳು. ಹಂಚಿನ ಮೇಲೆ ಎಳ್ಳು ಸಿಡಿಯುವ ವಾಸನೆ ಪಡಸಾಲೆಯವರೆಗೂ ಬಂತು. ನಮ್ಮ ಮನೆಯಲ್ಲಿ ರೊಟ್ಟಿಗೆ ಎಳ್ಳು ಹಚ್ಚುವುದಿಲ್ಲ. ಬೇಡವೆಂದು ನಾನೇ ಹೇಳಿದ್ದೇನೆ. ಮೊಮ್ಮಗಳು ಹಠ ಮಾಡಿದಳಂತೆ. ಆ ವಾಸನೆಯ ಹಿಂದೆಯೇ ಅಕ್ಕೋರು ನೆನಪಿಗೆ ಬಂದು ನಿಂತರು...

ನರೋಣಾದ ಆಚೆಗಿನ ನಮ್ಮೂರಲ್ಲಿ ಆಗ ಚರ್ಚಿನವರ ಮಿಡ್ಲ್ ಸ್ಕೂಲ್ ಇತ್ತು. ಊರಿನವರ ಬಾಯಲ್ಲಿ ಅದು ಪಾದ್ರಿ ಸಾಲಿ. ಐದರಿಂದ ಏಳನೆಯ ತರಗತಿಯವರೆಗೆ. ಬೇರೆ ಕಟ್ಟಡವಿರಲಿಲ್ಲ. ಭಾನುವಾರ ಪ್ರಾರ್ಥನೆ ನಡೆಯುವಲ್ಲೇ ಉಳಿದ ದಿನ ಪಾಠ. ಪಾದ್ರಿಗಳು ಅಪರೂಪಕ್ಕೆ ಜೇವರ್ಗಿಯಿಂದ ಬಂದು ಹೋಗುತ್ತಿದ್ದರು. ಶಾಲೆ ನಡೆಸುತ್ತಿದ್ದವರು ಅಕ್ಕೋರು; ಟೀಚರಮ್ಮನಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಒಂಟಿ ಹೆಂಗಸು, ಚರ್ಚಿನ ಹಿಂದಿನ ಕೋಣೆಯಲ್ಲಿ ಇರುತ್ತಿದ್ದರು. ಹೈಸ್ಕೂಲು ಮುಗಿಸಿ ಕಟ್ಟೆಯ ಮೇಲೆ ಕಾಲ ಕಳೆಯುತ್ತಿದ್ದ ನನ್ನನ್ನು ಕರೆದು ಗಣಿತ ಕಲಿಸಲು ಇಟ್ಟುಕೊಂಡರು. ನಾನು ಲಿಂಗಾಯತರ ಮನೆಯವನು. ಅದನ್ನು ಅವರು ಕೇಳಲೂ ಇಲ್ಲ.

ಆ ಶಾಲೆಗೊಂದು ಪದ್ಧತಿ ಇತ್ತು. ಪ್ರತಿ ಮಗುವೂ ಮನೆಯಿಂದ ರೊಟ್ಟಿ ತಂದು ಬಾಗಿಲ ಬಳಿಯ ದೊಡ್ಡ ಬುಟ್ಟಿಗೆ ಹಾಕಬೇಕು. ತರಲಾಗದವರು ಬರಿಗೈಲಿ ಬಂದರೂ ಸರಿ. ಮಧ್ಯಾಹ್ನ ಎಲ್ಲರೂ ಒಂದೇ ಪಂಕ್ತಿ. ಬುಟ್ಟಿಯಿಂದ ಯಾರಿಗೆ ಯಾವ ರೊಟ್ಟಿ ಬರುತ್ತದೋ ಅದು ಅವರದು. ಅಕ್ಕೋರು ತಾವೇ ಕುದಿಸಿದ ತೊಗರಿಬೇಳೆ ಬಡಿಸುತ್ತ ಬರುತ್ತಿದ್ದರು. "ಇವತ್ತ ಯಾರವ್ವ ನಿದ್ದಿಗಣ್ಣಾಗ ರೊಟ್ಟಿ ಸುಟ್ಟಾಳಲೇ?" ಎಂದು ಹುಡುಗರು ಕರಕಲು ರೊಟ್ಟಿ ಎತ್ತಿ ಹಿಡಿದು ನಗುತ್ತಿದ್ದರು. ಯಾರ ಅವ್ವನದೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಅಕ್ಕೋರಿಗೆ ಬೇಕಾಗಿದ್ದುದೂ ಅದೇ. ರೊಟ್ಟಿ ಹಂಚುವ ಕೆಲಸ ನನಗೆ ಕೊಟ್ಟಿದ್ದರು.

ಒಂದು ಸಂಜೆ ನನ್ನ ಕಾಕಾ ಕಟ್ಟೆಗೆ ಕರೆಸಿದರು. ನಮ್ಮ ಓಣಿಯ ಹಿರಿಯರೆಲ್ಲ ಕೂತಿದ್ದರು. ಕಾಕಾನೇ ಮಾತೆತ್ತಿದರು.

"ಏನೋ ಮಾಸ್ತರ, ಊರ ಹೊರಗಿನ ಕೇರಿ ಮನಿ ರೊಟ್ಟಿ ನಮ್ಮ ಹುಡುಗರ ಹೊಟ್ಟ್ಯಾಗ ಹೊಂಟಾವ. ಕಣ್ಣಾಗೇನ್ ಸುಣ್ಣಾ ಹಾಕ್ಕೊಂಡೀಯೇನಲೇ? ಹಿಂಗೇ ನಡೀತಂದ್ರ ನಾಳಿಂದ ಒಬ್ಬನೂ ಬರಂಗಿಲ್ಲ."

ನಮ್ಮ ಓಣಿಯ ಮಕ್ಕಳು ಹೋದರೆ ಶಾಲೆ ಉಳಿಯುವುದಿಲ್ಲವೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಅದು ಸುಳ್ಳು. ಕಾಕಾನ ಎದುರು ನಿಲ್ಲುವ ಧೈರ್ಯ ನನಗಿರಲಿಲ್ಲ. ಉಪಾಯವನ್ನೂ ನಾನೇ ಹೇಳಿಕೊಟ್ಟೆ. ನಮ್ಮ ಓಣಿಯವರು ರೊಟ್ಟಿಗೆ ಎಳ್ಳು ಹಚ್ಚಿ ಕಳಿಸಲಿ, ಎಳ್ಳಿನವನ್ನು ನಮ್ಮ ಮಕ್ಕಳಿಗೇ ಹಾಕುತ್ತೇನೆ ಎಂದೆ.

ಹಾಗೇ ನಡೆಯಿತು. ಅಕ್ಕೋರು ಬೇಳೆಯ ಗಡಿಗೆಯ ಮೇಲೆ ಬಾಗಿರುತ್ತಿದ್ದರು. ನನ್ನ ಕೈಯನ್ನು ಅವರು ಎಂದೂ ನೋಡಲಿಲ್ಲ... ನಂಬಿದ್ದರು.

ಕೇರಿಯಿಂದ ಬರುತ್ತಿದ್ದ ಒಬ್ಬ ಹುಡುಗಿ ಮಾತ್ರ ದಿನವೂ ನನ್ನ ಕೈಯನ್ನೇ ನೋಡುತ್ತಿದ್ದಳು. ಗಣಿತದಲ್ಲಿ ಚುರುಕು. ಒಂದು ಮಧ್ಯಾಹ್ನ ಕಾಕಾನ ಮೊಮ್ಮಗ ರೊಟ್ಟಿ ಮುರಿದು ಬಾಯಿಗಿಟ್ಟನೋ ಇಲ್ಲವೋ, ಈ ಹುಡುಗಿ ಚಪ್ಪಾಳೆ ತಟ್ಟಿ ಎದ್ದಳು.

"ಸರ, ಅದು ನಮ್ಮವ್ವ ಮಾಡಿದ್ದರೀ, ಗುರ್ತಿಗಂತ ಅಂಚ ನಾನೇ ಚೂಟೀನ್ರಿ! ನಮ್ಮವ್ವನೂ ಎಳ್ಳ ಹಚ್ಯಾಳ! ಇವತ್ತರ ನನಗ ಎಳ್ಳಿಂದು ಕೊಡ್ರಿ."

ಹುಡುಗನ ಬಾಯಿ ಅಲ್ಲೇ ನಿಂತಿತು. ನಾನು ಅವನ ಕೈಯಿಂದ ರೊಟ್ಟಿ ಕಸಿದು ಆ ಹುಡುಗಿಯ ಮುಂದೆ ಎಸೆದೆ. "ನಿಮ್ಮದು ನೀವೇ ತಿನ್ರಿ" ಎಂದೆ.

ಅಕ್ಕೋರು ತಲೆ ಎತ್ತಿದರು. ನನ್ನನ್ನು ನೋಡಲಿಲ್ಲ. ತಟ್ಟೆಗಳನ್ನು ಒಂದೊಂದಾಗಿ ನೋಡುತ್ತ ನಡೆದರು. ಇವನಿಗೆ ಎಳ್ಳು, ಇವಳಿಗಿಲ್ಲ, ಇವನಿಗೆ ಎಳ್ಳು... ಪಂಕ್ತಿಯ ಕೊನೆ ಮುಟ್ಟುವಷ್ಟರಲ್ಲಿ ಅವರಿಗೆ ಎಲ್ಲವೂ ತಿಳಿದಿತ್ತು. ಹಿಂದಿರುಗಿ ಬಂದು ಹುಡುಗಿಯ ಪಕ್ಕ ನೆಲಕ್ಕೆ ಕೂತು, ಆ ಮುರಿದ ರೊಟ್ಟಿ ಎತ್ತಿಕೊಂಡು ತಿಂದರು. ಹುಡುಗಿ ಏನೂ ಮುಟ್ಟಲಿಲ್ಲ.

ಮರುದಿನ ಅವಳು ಬರಲಿಲ್ಲ. ಅಕ್ಕೋರು ಕೇರಿಗೆ ಹೋಗಿ ಬಂದರು. ಸಂಜೆ ಖಾಲಿ ಬುಟ್ಟಿಯ ಮುಂದೆ ಕೂತು ಹೇಳಿದರು: "ಆಕಿ ಅವ್ವ ನನಗ ಕೈ ಮುಗದ್ಳ್ರಿ ಸರ. 'ಹುಡುಗಿ ಹಠಾ ಮಾಡ್ತಂತ ಎಳ್ಳ ಹಚ್ಚಿದ್ನಿರಿ, ನಂದ ತಪ್ಪಾತ್ರಿ ಅಕ್ಕೋರ' ಅಂದ್ಳು."

ಬುಟ್ಟಿಯನ್ನು ಬೋರಲು ಹಾಕಿ ಮತ್ತೆ ಹೇಳಿದರು.

"ಪಾಠ ಎಲ್ಲಾ ಸಾಲ್ಯಾಗೂ ಅದಾವ್ರಿ. ನಾ ಈ ಬುಟ್ಟಿ ಸಲುವಾಗಿ ಈ ಊರಾಗ ಇದ್ದೆ."

ಆಗಲಾದರೂ ತಪ್ಪಾಯಿತು ಎನ್ನಬಹುದಿತ್ತು. ಎದ್ದು ಮನೆಗೆ ಹೋದೆ. ಮತ್ತೆ ಆ ಬಾಗಿಲು ತುಳಿಯಲಿಲ್ಲ. ಅಕ್ಕೋರು ತಾವೇ ರೊಟ್ಟಿ ಹಂಚತೊಡಗಿದರು, ಎಳ್ಳಿನದು ಯಾರಿಗಾದರೂ ಬರುವಂತೆ. ನಮ್ಮ ಓಣಿಯ ಮಕ್ಕಳು ಒಬ್ಬೊಬ್ಬರಾಗಿ ಶಾಲೆ ಬಿಟ್ಟರು. ಎಷ್ಟು ಸಲ ಕರೆದರೂ ಆ ಹುಡುಗಿಯೂ ಬರಲಿಲ್ಲ. ಶಾಲೆ ಮುಚ್ಚಿತು. ಅಕ್ಕೋರು ಜೇವರ್ಗಿಯ ಬಸ್ಸು ಹತ್ತಿದ್ದನ್ನು ನಾನು ಕಾಕಾನ ಮನೆಯ ಬಾಗಿಲ ಸಂದಿಯಿಂದ ನೋಡಿದೆ.

ತೀರ ಮುದುಕನಾದ ಮೇಲೆ ಒಮ್ಮೆ ಜೇವರ್ಗಿಗೆ ಹೋದೆ. ಚರ್ಚಿನ ಕಾವಲುಗಾರ ಹಿಂದಿನ ಸಮಾಧಿಗಳತ್ತ ಕೈ ತೋರಿಸಿದ. ತಪ್ಪಾಯಿತೆಂದು ಕಲ್ಲಿಗೆ ಹೇಳಿದೆ... ಕಲ್ಲಿಗೆ ಹೇಳಿದರೆ ಏನು ಬಂತು.

ನಿನ್ನೆ ಸೊಸೆ ನನ್ನ ತಟ್ಟೆಗೆ ಎಳ್ಳಿಲ್ಲದ ರೊಟ್ಟಿ ಹಾಕಿ, "ಮಾವರ, ನಿಮ್ಮದು ಬ್ಯಾರೇನೇ ಮಾಡೀನ್ರಿ. ಎಳ್ಳು ಹಲ್ಲಾಗ ಸಿಗ್ತಾವಲ್ಲ" ಎಂದಳು. ಹೌದವ್ವ ಎಂದೆ. ಮೊಮ್ಮಗಳು ಪಕ್ಕದಲ್ಲಿ ಕೂತು ತನ್ನ ರೊಟ್ಟಿಯ ಎಳ್ಳನ್ನು ಒಂದೊಂದೇ ಕಿತ್ತು ತಿನ್ನುತ್ತಿದ್ದಳು.

ಆ ಹುಡುಗಿಯೂ ಈಗ ಎಲ್ಲೋ ಅಜ್ಜಿಯಾಗಿರಬೇಕು. ಮೊಮ್ಮಕ್ಕಳು ಬೇಡಿದರೆ ರೊಟ್ಟಿಗೆ ಎಳ್ಳು ಹಚ್ಚುತ್ತಾಳೋ, ಇಲ್ಲ ನನ್ನ ಹಾಗೆ ಬೇಡವೆನ್ನುತ್ತಾಳೋ...