ಗೋಡೆಯ ಮೇಲೆ ಓಡಿದ ಎತ್ತುಗಳು

ಆ ಕಾರಹುಣ್ಣಿಮೆಯ ಸಂಜೆ ನಾನು ಎಲ್ಲಿದ್ದೆ? ನನಗೆ ಗೊತ್ತಿಲ್ಲ.

ಹುನಗುಂದದ ನಮ್ಮ ಓಣಿಯಲ್ಲಿ ಎತ್ತುಗಳ ಹಿಂದೆ ಧೂಳು ಕುಡಿಯುತ್ತ ಓಡಿದ್ದು ನೆನಪಿದೆ. ಅದೇ ಹೊತ್ತಿನಲ್ಲಿ ಮನೆಯೊಳಗಿನ ಕತ್ತಲೆಯಲ್ಲಿ ತಂಗಿಯ ಪಕ್ಕ ಮಲಗಿ ಗೋಡೆ ನೋಡಿದ್ದೂ ನೆನಪಿದೆ. ಒಬ್ಬ ಹುಡುಗ ಎರಡು ಕಡೆ ಇರಲು ಸಾಧ್ಯವೇ? ಧಾರವಾಡದಲ್ಲಿ ಎಂಎಸ್ಸಿ ಓದಿ ಬಂದ ಮೇಲಂತೂ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. (ಓದಿದ್ದರಿಂದ ಆದ ಲಾಭ ಇಷ್ಟೇ ಎಂಬುದು ನನ್ನ ಹೆಂಡತಿಯ ಅಭಿಪ್ರಾಯ.)

ಹದಿನೇಳೋ ಹದಿನೆಂಟೋ ವರ್ಷದ ಹಿಂದಿನ ಮಾತು. ತಂಗಿ ಗಂಗಾಳಿಗೆ ಗೊಬ್ಬರ ಎದ್ದಿತ್ತು. ಪೇಟೆಯವರು ದಡಾರ ಅನ್ನುತ್ತಾರಲ್ಲ, ಅದೇ. ಬಾಗಿಲಿಗೆ ಬೇವಿನ ಎಲೆ, ಮುಂದಿನ ಖೋಲಿಯಲ್ಲಿ ಹಗಲೇ ಕತ್ತಲೆ. ಕಣ್ಣಿಗೆ ಬೆಳಕು ತಾಗಬಾರದು, ಹೊಸ್ತಿಲು ದಾಟಬಾರದು.

ಗೊಬ್ಬರ ಅವಳಿಗೆ ದುಃಖವಾಗಿರಲಿಲ್ಲ. ದುಃಖವೆಲ್ಲ ಚಂದ್ರ್ಯಾನ ಸಲುವಾಗಿ. ಚಂದ್ರ್ಯಾ ಅಂದರೆ ಕಾಕಾನ ಬಿಳಿ ಹೋರಿ. ಕರುವಾಗಿದ್ದಾಗಿನಿಂದ ಗಂಗಾಳ ಅಂಗೈಯಿಂದಲೇ ಬೆಲ್ಲ ತಿಂದವನು. ಆ ವರ್ಷ ಮೊದಲ ಸಲ ಕರಿ ಹರಿಯಲು ಓಡುವವನಿದ್ದ. ಅಗಸಿ ಅಂದರೆ ಊರಬಾಗಿಲು; ಅಲ್ಲಿ ಕಟ್ಟಿದ ಬೇವಿನ ತೋರಣ ಹರಿದು ಎತ್ತುಗಳು ಊರೊಳಗಿನ ಮಠದ ಕಡೆ ನುಗ್ಗುವುದು ನಮ್ಮ ಬಾಗಿಲ ಮುಂದಿನಿಂದಲೇ. ಅವಳಿಗೆ ಮಾತ್ರ ಬಾಗಿಲು ಬಂದ್.

ಹಿಂದಿನ ದಿನ ಮಧ್ಯಾಹ್ನ ಹಾಸಿಗೆಯಿಂದ ಕರೆದಳು.

"ಅಣ್ಣಾ, ಗ್ವಾಡಿ ಮ್ಯಾಲ ಮಂದಿ ಕಾಲ ಮ್ಯಾಲ ಮಾಡ್ಕೊಂಡು ಹೊಂಟಾರ ನೋಡು."

"ಜ್ವರ ನೆತ್ತಿಗೇರೇತಿ," ಎಂದು ಅವ್ವ ಒದ್ದೆ ಬಟ್ಟೆ ತರಲು ಓಡಿದಳು.

ನಾನು ನೋಡಿದೆ. ಖರೇನೇ ಇತ್ತು. ಬಾಗಿಲ ಹಲಗೆಯ ಗಂಟು ಉದುರಿ ಒಂದು ಸಣ್ಣ ತೂತಾಗಿತ್ತು. ಅದರೊಳಗಿಂದ ಬಂದ ಬೆಳಕು ಎದುರಿನ ಗೋಡೆಗೆ ನಮ್ಮ ಓಣಿಯನ್ನೇ ತಂದು ಹಾಕಿತ್ತು, ಬಣ್ಣದ ಸಮೇತ. ಎಲ್ಲ ತಲೆಕೆಳಗು. ತಲೆಯ ಮೇಲೆ ಕೊಡ ಹೊತ್ತವಳು ಕೊಡದ ಕೆಳಗಲ್ಲ, ಕೊಡದ ಮೇಲೆ ನಡೆಯುತ್ತಿದ್ದಳು.

ಆಮೇಲೆ ಕೇಳಬೇಕೆ? ಅಪ್ಪನ ಬಿಳಿ ಧೋತರ ಗೋಡೆಗೆ ಏರಿತು. ಬೇರೆ ಸಂದುಗಳಿಗೆಲ್ಲ ಚಿಂದಿ ತುರುಕಿದೆವು. ಕಾಸು ಖರ್ಚಿಲ್ಲದ ಟಾಕೀಜು ಸಿದ್ಧ. ಗಂಗಾ ಜ್ವರವನ್ನೇ ಮರೆತಳು. ನಾಳೆ ಇದರಲ್ಲೇ ಚಂದ್ರ್ಯಾ ಬರುತ್ತಾನೆ!

ಹಬ್ಬದ ದಿನ ಅಜ್ಜಿ ಒಳಗೆ ಬಂದು ಧೋತರ ನೋಡಿದಳು. ಮುಖ ಕಪ್ಪಾಯಿತು.

"ಕರಿ ದಿನ ಎತ್ತಿನ ಕಾಲ ಮ್ಯಾಲ ಆಗಿದ್ದು ನೋಡ್ತೀರೇನಲೇ? ಎತ್ತು ಬಿದ್ದಂಗ ಅದು. ಮಳಿ ಹೋದೀತು. ಆ ತೂತಿಗೆ ಸಗಣಿ ಮೆತ್ರಿ ಮದಲ."

ಹೊರಗೆ ಹಲಗೆ ಬಾರಿಸುವ ಸದ್ದು ಶುರುವಾಗಿತ್ತು. ಅಜ್ಜಿ ಸಗಣಿ ಉಂಡೆ ಹಿಡಿದೇ ಬಂದಳು.

ಗಂಗಾ ಅಳಲಿಲ್ಲ. ಮಲಗಿದ್ದ ಹಗ್ಗದ ಹೊರಸಿನ ಅಂಚಿನಿಂದ ತಲೆ ಕೆಳಗೆ ಜೋತುಬಿಟ್ಟು ಗೋಡೆ ನೋಡಿದಳು.

"ಆಯಿ, ಹಿಂಗ ನೋಡು. ಎಲ್ಲಾ ಸೀದಾ ಅದಾವ."

"ಹುಚ್ಚಿ, ನನ್ನ ವಯಸ್ಸೇನು?"

"ಒಂದ ಸಲ. ಸೀದಾ ಇಲ್ಲಂದ್ರ ನಾನ ಮೆತ್ತತೇನಿ."

ಅಜ್ಜಿ ಬಾಗಿಲ ಕಡೆ ನೋಡಿದಳು, ಸಗಣಿ ನೋಡಿದಳು, ಮೊಮ್ಮಗಳನ್ನು ನೋಡಿದಳು. ಕೊನೆಗೆ ಸೆರಗು ಬಿಗಿದು ಹೊರಸಿನ ಮೇಲೆ ಒರಗಿ, ಅವಳೂ ತಲೆ ಜೋತುಬಿಟ್ಟಳು.

"ಅಯ್ಯ, ಖರೇನ ಸೀದಾ ಅದಾವಲ್ಲ."

"ಅತ್ತೀ, ಏಳ್ರಿ, ಮಂದಿ ಕಂಡ್ರ ಏನಂದಾರು?" ಅವ್ವ ಗಾಬರಿ.

"ಸುಮ್ನಿರವಾ. ಬಂದ್ವು ನೋಡು."

ಬಂದವು. ಬಣ್ಣದ ಕೋಡು, ಬೆನ್ನ ಮೇಲೆ ಕೆಂಪು ಝೂಲ, ನಡುವೆ ಚಂದ್ರ್ಯಾ. ಅಜ್ಜಿ ಮೊಮ್ಮಗಳು ಇಬ್ಬರೂ ಎತ್ತುಗಳೆಲ್ಲ ಮುಗಿದು, ಓಣಿಯ ಕೋಳಿಗಳೂ ದಾಟಿ ಹೋಗುವವರೆಗೆ ಏಳಲಿಲ್ಲವಂತೆ.

"ಅಂತೆ" ಎಂದೆನೇ? ಇಲ್ಲೇ ನನ್ನ ತೊಡಕು.

ಮುಂದಿನ ವರ್ಷ ಕಾಕಾ ಚಂದ್ರ್ಯಾನನ್ನು ಮುಧೋಳದ ಕಡೆಯವರಿಗೆ ಕೊಟ್ಟುಬಿಟ್ಟ. ಅವನು ನಮ್ಮೂರಲ್ಲಿ ಓಡಿದ್ದು ಅದೊಂದೇ ಸಲ. ಗಂಗಾ ಅದನ್ನು ನೋಡಿದಳೋ ಇಲ್ಲವೋ? ಮನೆಯಲ್ಲಿ ಯಾರೂ ನಂಬುವುದಿಲ್ಲ. ಅವ್ವ ಮಂದಿ ಕಂಡಾರೆಂದು ಬಾಗಿಲು ಕಾಯುತ್ತಿದ್ದಳಂತೆ, ಗೋಡೆ ನೋಡಲಿಲ್ಲ. ಅಜ್ಜಿ ಇದ್ದಿದ್ದರೆ ಸಾಕ್ಷಿ ಹೇಳುತ್ತಿದ್ದಳು, ಈಗ ಅವಳೂ ಇಲ್ಲ. ಗಂಗಾ ಇಳಕಲ್ಲಿಗೆ ಮದುವೆಯಾಗಿ ಹೋದ ಮೇಲೂ ಹಬ್ಬಕ್ಕೆ ಬಂದಾಗಲೆಲ್ಲ ಇದೇ ಜಗಳ.

"ನಾ ನೋಡೇನಿ. ಮಠದ ಕಡಿಯಿಂದ ಬಂದು ಅಗಸಿ ಕಡಿ ಹೋದ," ಅನ್ನುತ್ತಾಳೆ.

ಕಾಕಾ ನಗುತ್ತಾನೆ. "ಕರಿ ಹರದ ಎತ್ತು ಅಗಸಿಯಿಂದ ಮಠದ ಕಡಿ ಓಡ್ತಾವವಾ. ಊರ ಬಿಟ್ಟು ಹೊರಗ ಓಡ್ತಾವೇನ? ನೀ ಜ್ವರದಾಗ ಕನಸ ಕಂಡಿ."

ಅವಳ ಮುಖ ಸಣ್ಣದಾಗುತ್ತದೆ. ನಾನು ಸಂಶಯವಾದಿ, ಯಾರ ಪಕ್ಷವನ್ನೂ ವಹಿಸುವುದಿಲ್ಲ. ನನ್ನ ನೆನಪಿನ ಗೋಡೆಯ ಮೇಲಂತೂ ಎತ್ತುಗಳು ಅಗಸಿಯಿಂದ ಮಠಕ್ಕೇ ಓಡಿವೆ.

ಹೋದ ಭಾನುವಾರ ಬಾಗಲಕೋಟೆಯ ನಮ್ಮ ಮನೆಯಲ್ಲಿ ಟಿವಿಯಲ್ಲಿ ಬರೀ ಗೆರೆ. ಮಗಳಿಗೆ ಬೇಸರ. "ಪಪ್ಪಾ, ಏನರೇ ಆಡಸು." ಕಿಟಕಿಗೆ ಕಪ್ಪು ಕಾಗದ ಹಚ್ಚಿ, ಪೆನ್ಸಿಲಿನಿಂದ ತೂತು ಮಾಡಿ, ಗೋಡೆಗೆ ಚಾದರ ಕಟ್ಟಿದೆ. ರಸ್ತೆ ಬಂತು, ತಲೆಕೆಳಗಾಗಿ. ಮಗಳು ಕುಣಿದಳು. ಯಾರೂ ಹೇಳಿಕೊಡದೆ ಮಂಚದಿಂದ ತಲೆ ಜೋತುಬಿಟ್ಟಳು. (ರಕ್ತದ ಗುಣವೇ? ಇದನ್ನೂ ಸಂಶಯಿಸುತ್ತೇನೆ.)

"ಟಾಂಗಾ ಸ್ಟೇಶನ್ ಕಡಿ ಹೊಂಟೈತಿ ಪಪ್ಪಾ."

ನಾನು ಕಾಗದ ಸರಿಸಿ ಹೊರಗೆ ಇಣುಕಿದೆ. ಟಾಂಗಾ ಸ್ಟೇಶನ್ನಿನಿಂದ ಬರುತ್ತಿತ್ತು.

ನಾನೂ ತಲೆ ಜೋತುಬಿಟ್ಟೆ. ಸೈಕಲ್ಲು, ಎಮ್ಮೆ, ಹಣ್ಣಿನ ಗಾಡಿ, ಎಲ್ಲ ಸೀದಾ ನಿಂತಿದ್ದವು. ಎಲ್ಲ ಉಲ್ಟಾ ದಿಕ್ಕಿಗೆ ಹೋಗುತ್ತಿದ್ದವು. ಹೆಂಡತಿ ಚಹಾ ತಂದು ನನ್ನನ್ನು ನೋಡಿ, ಚಹಾ ನೆಲದ ಮೇಲಿಟ್ಟು ಹೋದಳು.

ನನ್ನ ನೆನಪಿನ ಗೋಡೆಯ ಮೇಲೆ ದಿಕ್ಕು ಉಲ್ಟಾ ಆಗಿರಲಿಲ್ಲ. ಹಾಗಾದರೆ ಆ ಸಂಜೆ ಓಣಿಯಲ್ಲಿ ಓಡಿದ್ದು ನಾನು. ಗೋಡೆಯ ನೆನಪು ತಂಗಿಯದು, ಕೇಳಿ ಕೇಳಿ ನನ್ನದು ಮಾಡಿಕೊಂಡಿದ್ದೇನೆ. ಸೋಮವಾರ ಮೊದಲ ಬಸ್ಸಿಗೆ ಇಳಕಲ್ಲಿಗೆ ಹೋಗಿ ಹೇಳಿದೆ. ಗಂಗಾ ಬಹಳ ಹೊತ್ತು ನಕ್ಕಳು, ಆಮೇಲೆ, "ಕಾಕಾಗ ನೀನ ಹೇಳಬೇಕು ಮತ್ತ," ಎಂದಳು.

ಅದಕ್ಕೇ ಹುನಗುಂದದ ಆ ಹಳೆಯ ಮನೆಗೇ ಹೋಗಿ, ಈಗ ಅಲ್ಲಿರುವವರನ್ನು ಕೇಳಿಕೊಂಡು, ಅದೇ ಬಾಗಿಲು ಮುಚ್ಚಿ ಪರೀಕ್ಷಿಸಿ ಬಂದಿದ್ದೇನೆ: ಆ ಖೋಲಿಯಲ್ಲಿ ತಲೆ ಜೋತುಬಿಟ್ಟು ನೋಡಿದವರಿಗೆ, ಅಗಸಿಯಿಂದ ಬರುವವರೆಲ್ಲ ಮಠದ ಕಡೆಯಿಂದಲೇ ಬರುತ್ತಾರೆ.